ರಾಮನವಮಿಯ ಕೊತ್ತಂಬರಿ

ನಮ್ಮಕ್ಕ ಶಿವಲಿಂಗಮ್ಮ ಗೊಬ್ಬರವನ್ನು ಮೂಸಿ ನೋಡುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣ ಕೆಂಪಯ್ಯನವರ ಹೆಂಡತಿ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಅವಳು ತಿಪ್ಪೆಗುಂಡಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು, ಮೂಗಿನ ಹತ್ತಿರ ಹಿಡಿದು, ಇದಿನ್ನೂ ಆಗಿಲ್ಲ ಎಂದು ಅಲ್ಲೇ ಕೊಡವಿದ್ದನ್ನು ನೋಡಿದೆ. ಅವತ್ತು ನನಗೆ ಊಟ ಸೇರಲಿಲ್ಲ. ಆಮೇಲಾಮೇಲೆ ಅಭ್ಯಾಸವಾಯಿತು. ಗೊಬ್ಬರದ ಒಳಗೆ ಕಾವು ಇರಬಾರದು, ಸಗಣಿಯ ವಾಸನೆ ಇರಬಾರದು, ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು. ಅಷ್ಟಾಗುವವರೆಗೆ ಅದು ಹಿತ್ತಲಿನ ಸೊಪ್ಪಿನ ಹತ್ತಿರ ಸುಳಿಯುವಂತಿರಲಿಲ್ಲ.

ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು ಒಂದಷ್ಟು ದೂರ ನಡೆದರೆ ನಮ್ಮ ಊರು. ನಮ್ಮ ಮನೆಯ ಹಿತ್ತಲು ಬಹಳ ದೊಡ್ಡದೇನಲ್ಲ. ಆದರೆ ಇಡೀ ಬೀದಿಗೆ ಸೊಪ್ಪು ಅಲ್ಲಿಂದಲೇ ಹೋಗಬೇಕು. ಯಾರ ಮನೆಯಲ್ಲಾದರೂ ಬಾಣಂತಿ ಇದ್ದರೆ ಸಬ್ಬಸಿಗೆ, ಯಾರಿಗಾದರೂ ಜ್ವರ ಬಿಟ್ಟು ಬಾಯಿ ಕೆಟ್ಟಿದ್ದರೆ ಒಂದು ಹಿಡಿ ದಂಟು, ಹಬ್ಬ ಬಂದರೆ ಕೊತ್ತಂಬರಿ. ಕೊಟ್ಟು ಕೊಟ್ಟು ಅಕ್ಕನಿಗೆ ಒಂದು ಬಗೆಯ ಹೆಮ್ಮೆ ಬಂದಿತ್ತು ಎನ್ನುವುದನ್ನೂ ನಾನು ಹೇಳಿಬಿಡಬೇಕು. ಸೊಪ್ಪು ಈಸಿಕೊಂಡವರು ‘ಶಿವ್ಲಿಂಗಕ್ಕನ ಕೈಗುಣ’ ಎಂದು ಹೇಳದೆ ಹೋದರೆ ಅವಳ ಮುಖ ಸಣ್ಣದಾಗುತ್ತಿತ್ತು. ನಾನು ಅದನ್ನು ಹಿಡಿದು ಕಾಡಿಸುತ್ತಿದ್ದೆ. ಅವಳು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ, ನನಗೆ ಒಂದು ಹಿಡಿ ಕಡಿಮೆ ಸೊಪ್ಪು ಕೊಡುತ್ತಿದ್ದಳು.

ಹುಳಕ್ಕೆ ಅವಳು ಅಂಗಡಿಯ ಪುಡಿ ತಂದವಳಲ್ಲ. ಬೆಳಗ್ಗೆ ಎಲೆ ಮೇಲೆ ಇಬ್ಬನಿ ಇರುವಾಗಲೇ ಒಲೆಯ ಬೂದಿಯನ್ನು ಜರಡಿ ಹಿಡಿದು ಉದುರಿಸಿ ಬರುತ್ತಿದ್ದಳು. ಅವರೆ ಕುಡಿಯ ಹೇನು ಅದಕ್ಕೇ ಉದುರಿ ಹೋಗುತ್ತಿತ್ತು. ಮಿಕ್ಕ ಹುಳಗಳಿಗೆ ಬೇವಿನ ಬೀಜ ಕುಟ್ಟಿ ನೆನೆಸಿದ ನೀರು. ಇನ್ನು ಮಣ್ಣಿನೊಳಗೆ ಇರುವ ಬಿಳಿ ಗೊಬ್ಬರದ ಹುಳಕ್ಕೆ ಅವಳ ಹತ್ತಿರ ಇದ್ದ ಔಷಧಿ ಮುನವ್ವರಾಳ ಕೋಳಿಗಳು.

ಮುನವ್ವರಾಳದು ಬೀದಿಯ ಕೊನೆಯ ಮನೆ. ಅವಳ ಗಂಡ ಚನ್ನಪಟ್ಟಣದಲ್ಲಿ ರೇಷ್ಮೆ ಬಿಚ್ಚುವ ಕೆಲಸ ಮಾಡುತ್ತಿದ್ದು ಎದೆ ರೋಗ ಬಂದು ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಕೋಳಿ ಸಾಕಿ, ಮೊಟ್ಟೆ ಮಾರಿ ಅವಳ ಜೀವನ ನಡೆಯುತ್ತಿತ್ತು. ಒಂದು ಪಾತಿಯ ಸೊಪ್ಪು ಮುಗಿದು, ಅಕ್ಕ ನೆಲ ಅಗೆದು ಬಿಟ್ಟ ದಿನ ಮುನವ್ವರಾ ತನ್ನ ಕೋಳಿಗಳನ್ನು ಹೊಡೆದುಕೊಂಡು ಬರುತ್ತಿದ್ದಳು. ಅವು ಕೆದಕಿ ಕೆದಕಿ ಹುಳ ಆರಿಸುವಷ್ಟು ಹೊತ್ತು ಇವರಿಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಬೀದಿಯವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಖಾಲಿ ಪಾತಿಗೆ ಮಾತ್ರ ಕೋಳಿ. ಬೀಜ ಹಾಕಿದ ಮೇಲೆ ಹಿತ್ತಲ ಬಾಗಿಲು ಮುಚ್ಚಿತೆಂದೇ ಅರ್ಥ. ಕೋಳಿಗೂಡಿನ ಗೊಬ್ಬರವೂ ನಮ್ಮ ತಿಪ್ಪೆಗೆ ಸೇರಿ, ತಿಂಗಳುಗಟ್ಟಲೆ ಕೊಳೆತು, ಅಕ್ಕನ ಮೂಗಿನಲ್ಲಿ ಪಾಸಾದ ಮೇಲೆಯೇ ಗಿಡಕ್ಕೆ ಹೋಗುತ್ತಿತ್ತು. ಇದಕ್ಕೆ ಬದಲು ಮುನವ್ವರಾಳಿಗೆ ಸೊಪ್ಪು. ಇಬ್ಬರಿಗೂ ಇದು ವ್ಯಾಪಾರವೆಂದು ಅನ್ನಿಸಿರಲಿಲ್ಲ.

ಹೀಗೆ ಇರುವಾಗ ಎಂಬತ್ತನಾಲ್ಕರಲ್ಲಿ ನಮ್ಮ ಮನೆಗೆ ಗೋಬರ್ ಗ್ಯಾಸ್ ಬಂತು.

ಭಾವ ಕೆಂಪಯ್ಯನವರಿಗೆ ಊರಿನಲ್ಲಿ ಯಾವುದನ್ನೇ ಆಗಲಿ ಮೊದಲು ಮಾಡಿಸಬೇಕು ಎನ್ನುವ ಚಪಲ. ಮೊದಲ ಬೋರ್‌ವೆಲ್ಲು ಬೇರೆಯವರದಾಯಿತು ಎಂದು ಅವರು ತಿಂಗಳುಗಟ್ಟಲೆ ಕೊರಗಿದ್ದರು. ಗ್ಯಾಸನ್ನು ಕೈ ತಪ್ಪಲು ಬಿಡಲಿಲ್ಲ. ಕಟ್ಟಿಸಿಕೊಟ್ಟ ಮೇಸ್ತ್ರಿ, ಕಕ್ಕಸಿನ ಪೈಪನ್ನೂ ಇದೇ ಗುಂಡಿಗೆ ಸೇರಿಸಿದರೆ ಗ್ಯಾಸು ಹೆಚ್ಚು ಬರುತ್ತದೆ, ಸರ್ಕಾರವೂ ಒಪ್ಪುತ್ತದೆ ಎಂದ. ಭಾವ ಹಿಂದೆ ಮುಂದೆ ನೋಡದೆ ಒಪ್ಪಿದರು. ಪೈಪು ಹೂಳಿ ಮಣ್ಣು ಮುಚ್ಚಿದ ಮೇಲೆ ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಈ ವಿಷಯ ಮನೆಯ ಹೊಸಿಲು ದಾಟಕೂಡದು ಎಂದರು. ನಮಗೂ ಹೇಳಿಕೊಳ್ಳುವ ಆಸೆಯೇನೂ ಇರಲಿಲ್ಲ. ಅಂಥ ಉರಿಯಲ್ಲಿ ಅನ್ನ ಬೇಯುತ್ತದೆ ಎಂದು ಗೊತ್ತಾದರೆ ನಮ್ಮ ಬೀದಿಯಲ್ಲಿ ಯಾರು ತಾನೆ ನಮ್ಮ ಮನೆಗೆ ಬರುತ್ತಾರೆ? ಅಕ್ಕ ಮೊದಲು ಒಂದೆರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಹೊಗೆ ಇಲ್ಲದ ಅಡುಗೆಮನೆ ನಮಗಿಬ್ಬರಿಗೂ ಹಿತವಾಯಿತು, ನಾವು ಅದನ್ನು ಮರೆತೆವು.

ಆದರೆ ಗ್ಯಾಸು ಬಂದು ಅಕ್ಕನ ಎರಡು ಆಸ್ತಿಯನ್ನು ತಿಂದುಹಾಕಿತು. ಕೊಟ್ಟಿಗೆಯ ಸಗಣಿಯೆಲ್ಲ ಗ್ಯಾಸಿನ ತೊಟ್ಟಿಗೆ ಹೋಗುವುದರಿಂದ ತಿಪ್ಪೆ ಬರಿದಾಯಿತು. ಸೌದೆ ಒಲೆ ಹೊತ್ತಿಸುವುದು ನಿಂತು ಬೂದಿ ಇಲ್ಲವಾಯಿತು. ತಿಪ್ಪೆಯ ಬದಲಿಗೆ ಅವಳಿಗೆ ಸಿಕ್ಕಿದ್ದು ಗುಂಡಿಯ ಇನ್ನೊಂದು ತುದಿಯಿಂದ ಉಕ್ಕಿ ಬರುವ ಕಪ್ಪು ಬಗ್ಗಡ. ಮೇಸ್ತ್ರಿ ಹೋಗುವಾಗ, ಇದನ್ನು ಬೇರೆ ಗುಂಡಿಯಲ್ಲಿ ಕಸಕಡ್ಡಿಯ ಜೊತೆ ಒಣಗಲು ಬಿಡಿ, ತಿಂಗಳುಗಟ್ಟಲೆ ಕೊಳೆಯಲಿ, ಹಸೀ ತಿನ್ನುವ ಸೊಪ್ಪಿಗಂತೂ ಹಾಗೇ ಹಾಕಬೇಡಿ ಎಂದು ಸ್ಪಷ್ಟವಾಗಿ ಹೇಳಿಯೇ ಹೋಗಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಭಾವ ಅವನು ಅತ್ತ ಹೋದ ಮೇಲೆ ನಕ್ಕರು. ಅದರಿಂದ ಬೆಂಕಿಯೇ ಬಂದು ಹೋಗಿದೆ, ಇನ್ನು ಅದರಲ್ಲಿ ಹಸಿ ಅನ್ನುವುದು ಎಲ್ಲಿ ಉಳಿದೀತು, ಅದು ಬೆಂದ ಗೊಬ್ಬರವೇ ಸರಿ ಎಂದರು. ಅಕ್ಕ ಮೂಸಿ ನೋಡಿದಳು. ನಿಜವಾಗಿಯೂ ಸಗಣಿಯ ವಾಸನೆ ಇರಲಿಲ್ಲ, ಕಾವೂ ಇರಲಿಲ್ಲ. ಅವಳ ಜೀವಮಾನದ ಪರೀಕ್ಷೆಯಲ್ಲಿ ಅದು ಪಾಸಾಗಿಬಿಟ್ಟಿತು.

ಮರುವರ್ಷ ರಾಮನವಮಿಗೆ ಬೀದಿಯವರೆಲ್ಲ ಸೇರಿ ಅರಳಿಕಟ್ಟೆಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವುದೆಂದಾಯಿತು. ಕೊತ್ತಂಬರಿ ಯಾರ ಮನೆಯದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅಕ್ಕ ಒಂದು ಪಾತಿಯನ್ನು ಅದಕ್ಕೇ ಮೀಸಲಿಟ್ಟಳು. ಆದರೆ ಆ ಸಲ ಬಿಸಿಲು ಜೋರು. ಎಲೆ ಹಳದಿಗಟ್ಟಿತು, ಹೇನು ಬಿತ್ತು. ಬೂದಿ ಇಲ್ಲ, ಬೇವಿನ ಬೀಜ ಮುಗಿದಿತ್ತು. ಹಬ್ಬ ಹತ್ತಿರ ಬರುತ್ತಿದೆ. ಸೊಪ್ಪಿಲ್ಲ ಎಂದು ಹೇಳುವುದು ಅಕ್ಕನಿಂದ ಆಗದ ಕೆಲಸ. ಬಗ್ಗಡಕ್ಕೆ ನೀರು ಬೆರೆಸಿ ಬುಡಕ್ಕೂ ಹುಯ್ದಳು, ಹೇನಿಗೂ ಆಗಲಿ ಎಂದು ಪೊರಕೆಯಲ್ಲಿ ಅದ್ದಿ ಎಲೆಯ ಮೇಲೂ ಚಿಮುಕಿಸಿದಳು. ಸೊಪ್ಪು ನಾಲ್ಕಾರು ದಿನಕ್ಕೆ ಕಡುಹಸಿರಿಗೆ ತಿರುಗಿ ನಿಂತಿತು. ಹಬ್ಬದ ದಿನ ಕಿತ್ತು, ಬಾವಿಯಲ್ಲಿ ನೀರು ತಳ ಸೇರಿದ್ದರಿಂದ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದು, ಹೆಚ್ಚಿ ಕೋಸಂಬರಿಗೆ ಹಾಕಿದಳು. ಎಲ್ಲರೂ ಬಾಯಿ ಚಪ್ಪರಿಸಿ ತಿಂದರು. ಕೈಗುಣದ ಮಾತೂ ಬಂತು.

ಎರಡನೇ ದಿನಕ್ಕೆ ಬೀದಿಯಲ್ಲಿ ಮನೆಗೊಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದರು. ದೊಡ್ಡವರು ಎದ್ದು ಓಡಾಡಿದರು. ಎದುರು ಮನೆ ವರಲಕ್ಷ್ಮಿಯ ಮಗ ಪುಟ್ಟಸ್ವಾಮಿ, ಇನ್ನೂ ಸ್ಕೂಲಿಗೆ ಸೇರಿಸದ ಮಗು, ಏಳಲಿಲ್ಲ. ಕಣ್ಣು ಒಳಕ್ಕೆ ಹೋಯಿತು, ರಕ್ತ ಬೀಳತೊಡಗಿತು. ಚನ್ನಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮಗು ಉಳಿಯುತ್ತದೆ ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಹಸೀದು ಏನು ತಿಂದಿದ್ದ, ಗಲೀಜು ಸೇರಿದ್ದು ಏನಾದರೂ ತಿಂದನೇ ಎಂದು ಮಾತ್ರ ಕೇಳಿದರಂತೆ.

ಈ ಪ್ರಶ್ನೆ ಬಸ್ಸು ಹತ್ತಿ ಊರಿಗೆ ಬಂದ ಕೂಡಲೇ ಬೀದಿಗೆ ಉತ್ತರ ಸಿಕ್ಕಿಬಿಟ್ಟಿತು. ಕೊತ್ತಂಬರಿ ಎಲ್ಲಿಯದು? ಶಿವಲಿಂಗಕ್ಕನ ಹಿತ್ತಲಿನದು. ಆ ಹಿತ್ತಲಿನಲ್ಲಿ ಕೆದಕುವುದು ಯಾರ ಕೋಳಿ? ಅಷ್ಟೇ. ಖಾಲಿ ಪಾತಿ, ಬಿತ್ತಿದ ಪಾತಿ ಎಂಬ ವ್ಯತ್ಯಾಸ ಯಾರಿಗೆ ಬೇಕು? ರಾಮನವಮಿಯ ಪ್ರಸಾದದ ಸೊಪ್ಪನ್ನು ಅವಳ ಕೋಳಿಗಳ ಕಾಲಿಗೆ ಬಿಟ್ಟಿದ್ದೇ ತಪ್ಪು ಎಂದು ಒಬ್ಬರು ಅಂದರೆ, ಮುನವ್ವರಾ ಬೇಕೆಂದೇ ಬಿಟ್ಟಳೋ ಏನೋ ಎಂದು ಇನ್ನೊಬ್ಬರು ದನಿ ತಗ್ಗಿಸಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಅವಳ ಮೊಟ್ಟೆ ತಿಂದು ಬೆಳೆದ ಮಕ್ಕಳು ನಮ್ಮ ಬೀದಿ ತುಂಬ ಇದ್ದವು.

ಮುನವ್ವರಾಳ ಮೊಟ್ಟೆ ಕೊಳ್ಳುವುದನ್ನು ನಿಲ್ಲಿಸಿದರು. ನಲ್ಲಿಯ ಹತ್ತಿರ ಅವಳ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ತಮ್ಮದನ್ನು ಇಟ್ಟರು. ಒಂದು ಬೆಳಗ್ಗೆ ಅವಳ ಎರಡು ಕೋಳಿ ಬೇಲಿಯ ಪಕ್ಕ ಕಾಲು ಮುರಿದು ಬಿದ್ದಿದ್ದವು. ಅವಳು ಯಾರನ್ನೂ ಕೇಳಲಿಲ್ಲ. ಉಳಿದವನ್ನು ಹಗಲೂ ಮಂಕರಿಯ ಕೆಳಗೆ ಕವುಚಿಟ್ಟಳು. ರಾಮನಗರದಲ್ಲಿರುವ ತಮ್ಮ ಮುಂದಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತಾನಂತೆ, ಮನೆ ಬೀಗ ಹಾಕುತ್ತಾಳಂತೆ ಎಂದು ಸುದ್ದಿ ಬಂತು. ಆ ತಮ್ಮನ ಹೆಂಡತಿ ಒಂದು ಹೊತ್ತಿನ ಊಟಕ್ಕೂ ಲೆಕ್ಕ ಹೇಳುವವಳು ಎಂದು ಮುನವ್ವರಾಳೇ ಬಾವಿಕಟ್ಟೆಯ ಮೇಲೆ ಕೂತು ನಮಗೆ ಹೇಳಿದ್ದಳು.

ಅಕ್ಕ ಆ ದಿನಗಳಲ್ಲಿ ಅನ್ನದ ಮುಂದೆ ಕೂತು ಬೆರಳಾಡಿಸಿ ಎದ್ದು ಹೋಗುತ್ತಿದ್ದಳು. ಮೇಸ್ತ್ರಿ ಹೇಳಿದ್ದು ಅವಳಿಗೆ ನೆನಪಿತ್ತು, ನನಗೂ ನೆನಪಿತ್ತು. ಕೊನೆಗೆ ಅವಳು ಭಾವನ ಮುಂದೆ ನಿಂತು, ನಾನು ಹೋಗಿ ಹೇಳಿಬಿಡುತ್ತೇನೆ ಎಂದಳು. ಅವರ ಮಗಳು ಜಯಳಿಗೆ ಆಗ ಕುದೂರಿನಿಂದ ಗಂಡು ಬಂದು ನೋಡಿಕೊಂಡು ಹೋಗಿತ್ತು, ಒಪ್ಪಿಗೆ ಎಂದೂ ಹೇಳಿ ಕಳಿಸಿದ್ದರು.

“ಮಗ್ಳ ಮದ್ವೆ ಆಗೋಗ್ಲಿ, ಆಮ್ಯಾಕೆ ಬೇಕಾದ್ರೆ ಡಂಗೂರ ಹೊಡ್ಕೊಂಡು ಬಾ,” ಎಂದರು ಭಾವ. “ಈಗ ಕಕ್ಕಸಿನ ಮಾತು ಎತ್ತಿದ್ರೆ ಕುದೂರ್ನೋರು ನಮ್ಮನೆ ಹೊಸ್ಲು ತುಳಿಯಾಕಿಲ್ಲ.”

“ಹಂಗಾರೆ ಆ ಹೆಂಗ್ಸು ಊರು ಬುಟ್ಟು ಹೋಗ್ಲಾ?”

ಭಾವ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೊರಟುಹೋದರು. ಅವರು ಕೆಟ್ಟವರಲ್ಲ. ಆದರೆ ಅವರಿಗೆ ಹೆದರಿಕೆಯಾದಾಗಲೆಲ್ಲ ಹೊಲದ ನೆನಪಾಗುತ್ತಿತ್ತು.

ಅಕ್ಕ ಒಂದು ಮಧ್ಯದ ದಾರಿ ಹಿಡಿದಳು. ಕಕ್ಕಸಿನ ಮಾತೆತ್ತದೆ, ಬಗ್ಗಡದ ಮಾತು ಮಾತ್ರ ಹೇಳುವುದು. ಇಬ್ಬರೂ ಆಸ್ಪತ್ರೆಗೆ ಹೋದೆವು. ಮಗು ಅಷ್ಟು ಹೊತ್ತಿಗೆ ಕಣ್ಣು ಬಿಟ್ಟಿತ್ತು, ಕೈಗೆ ಬಾಟಲಿ ಹಾಕಿದ್ದರು. ವರಲಕ್ಷ್ಮಿ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು.

“ತಪ್ಪು ನಂದು ಕಣವ್ವ. ಕೋಳಿದಲ್ಲ. ಆ ಸೊಪ್ಪಿಗೆ ಗ್ಯಾಸಿನ ಬಗ್ಗಡ ಹಂಗೇ ಹುಯ್ದೋಳು ನಾನು.”

ವರಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಆದರೆ ನಾವು ಅಂದುಕೊಂಡ ಕಾರಣಕ್ಕಲ್ಲ.

“ನಿಮ್ದು ದೊಡ್ಡ ಮನ್ಸು ಬುಡಿ ದೊಡ್ಡವ್ವ. ಅವ್ಳನ್ನ ಉಳ್ಸಾಕೆ ನಿಮ್ಮ ತಲೆ ಮ್ಯಾಲೆ ಹಾಕ್ಕೊಂತಾ ಇದ್ದೀರ. ಸಗಣಿಯಿಂದ ಯಾರ್ಗಾನ ಕಾಯ್ಲೆ ಬಂದದ್ದುಂಟಾ? ದಿನಾ ಅಡ್ಗೆಮನೆ ಸಾರ್ಸೋದು ಯಾತ್ರಲ್ಲಿ?”

ಅಕ್ಕ ಮತ್ತೆ ಮತ್ತೆ ಹೇಳಿದಳು. ಹೇಳಿದಷ್ಟೂ ವರಲಕ್ಷ್ಮಿ ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನಾವು ಸಂಜೆ ಬಸ್ಸಿಳಿಯುವ ಮೊದಲೇ ಈ ಸುದ್ದಿ ಯಾರ ಬಾಯಲ್ಲೋ ಊರು ಸೇರಿತ್ತು. ಶಿವಲಿಂಗಕ್ಕ ಕಂಡವಳ ತಪ್ಪನ್ನು ತಾನು ಹೊತ್ತುಕೊಂಡಳಂತೆ. ಇಂಥವರು ಇರುವುದಕ್ಕೇ ಮಳೆ ಬೆಳೆ ಆಗುತ್ತಿದೆ ಎಂದರು. ಹಾದಿಯಲ್ಲಿ ಕಂಡ ಹೆಂಗಸರು ಅಕ್ಕನಿಗೆ ದಾರಿ ಬಿಟ್ಟು ನಿಂತರು. ಅದೇ ಹೆಂಗಸರು ಮುನವ್ವರಾಳ ಮನೆ ದಾಟುವಾಗ ಮುಖ ತಿರುಗಿಸಿದರು. ಅಂಥ ದೇವರಂಥ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಿದಳಲ್ಲ ಎನ್ನುವುದು ಹೊಸದಾಗಿ ಸೇರಿದ ಸಿಟ್ಟು.

ನಾನು ಅಕ್ಕನನ್ನು ಅಷ್ಟು ವರ್ಷ ನೋಡಿದ್ದೇನೆ. ಹೊಗಳಿಕೆ ಅವಳ ಮೈಗೆ ಹತ್ತಿಕೊಂಡು ಸುಟ್ಟಿದ್ದನ್ನು ನೋಡಿದ್ದು ಆಗ ಮಾತ್ರ.

ಮಗು ಉಳಿಯಿತು. ಶನಿವಾರ ಮನೆಗೆ ಕರೆದುಕೊಂಡು ಬಂದರು. ಮರುದಿನ ಭಾನುವಾರ, ಮುನವ್ವರಾಳ ತಮ್ಮ ಬರುವ ದಿನ. ಬೆಳಗ್ಗೆಯೇ ಮಗುವಿಗೆ ನೀರು ಹಾಕಿ, ಹೊಸ ಅಂಗಿ ತೊಡಿಸಿ, ಹೊಸಿಲಲ್ಲಿ ಕೂರಿಸಿ ಆರತಿ ಮಾಡುವುದೆಂದು ವರಲಕ್ಷ್ಮಿಯ ಮನೆಯವರು ಬೀದಿಯ ಹೆಂಗಸರನ್ನೆಲ್ಲ ಕರೆದರು. ಆರತಿ ಎತ್ತಲು ಅಕ್ಕನೇ ಬೇಕೆಂದರು. ಅಕ್ಕ ಹಸಿರು ಸೀರೆ ಉಟ್ಟು ಬಂದಳು. ಪುಟ್ಟಸ್ವಾಮಿಯ ಕತ್ತು ಕಡ್ಡಿಯಾಗಿತ್ತು, ಅವನನ್ನು ಹಿಂದಿನಿಂದ ಹಿಡಿದುಕೊಳ್ಳಬೇಕಾಗಿತ್ತು. ವರಲಕ್ಷ್ಮಿ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು, ನಿಮ್ಮಂಥವರ ಆಶೀರ್ವಾದದಿಂದಲೇ ನನ್ನ ಮಗ ಉಳಿದ ಎಂದಳು.

ಅಕ್ಕ ತಟ್ಟೆಯನ್ನು ಕೆಳಗಿಟ್ಟಳು. ಹಾಡು ಶುರು ಮಾಡಿದ್ದವರು ನಿಲ್ಲಿಸಿದರು.

“ಆವತ್ತು ನಾನು ಅರ್ಧ ಹೇಳ್ದೆ, ಅದ್ಕೇ ನೀವು ನಂಬ್ಲಿಲ್ಲ,” ಎಂದಳು. ದನಿ ಜೋರಿರಲಿಲ್ಲ. “ಆ ಬಗ್ಗಡದಲ್ಲಿ ಬರೀ ಸಗಣಿ ಇರ್ಲಿಲ್ಲ. ನಮ್ಮನೆ ಕಕ್ಕಸಿನ ಪೈಪೂ ಅದೇ ಗುಂಡಿಗೆ ಸೇರ್ಸೈತೆ. ನಮ್ಮನೆ ಹೇಲು ನೀರೇ ನಿಮ್ಮ ಕೋಸಂಬರಿ ಸೊಪ್ಪಿನ ಮ್ಯಾಲೆ ಬಿದ್ದಿದ್ದು. ಮುನವ್ವರಾನ ಕೋಳಿ ಆ ಪಾತಿಗೆ ಕಾಲೇ ಇಟ್ಟಿಲ್ಲ.”

ಈ ಸಲ ಯಾರೂ ದೊಡ್ಡ ಮನಸ್ಸು ಎನ್ನಲಿಲ್ಲ. ಒಬ್ಬ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದಳು. ಇನ್ನೊಬ್ಬಳು ತಟ್ಟೆಯನ್ನು ಅಕ್ಕನ ಹತ್ತಿರದಿಂದ ಕಾಲಿನಲ್ಲೇ ಸರಿಸಿದಳು. ವರಲಕ್ಷ್ಮಿ ಮಗುವನ್ನು ಎತ್ತಿ ಒಳಗೆ ಹೋದವಳು ಬಾಗಿಲು ಹಾಕಿಕೊಂಡಳು. ನಾನು ಅಕ್ಕನ ರೆಟ್ಟೆ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಮಧ್ಯಾಹ್ನದೊಳಗೆ ಊರೆಲ್ಲ ಗ್ಯಾಸಿನ ಮಾತು. ನಮ್ಮ ಮನೆಯಲ್ಲಿ ಯಾವ ಯಾವ ಹಬ್ಬಕ್ಕೆ ತಾವು ಏನೇನು ತಿಂದಿದ್ದೆವು ಎಂದು ಒಬ್ಬೊಬ್ಬರೂ ನೆನೆಸಿಕೊಂಡು ಉಗುಳುತ್ತಿದ್ದರಂತೆ. ಮಗುವಿನ ಮಾತು ಯಾರೂ ಆಡಲಿಲ್ಲ, ಮುನವ್ವರಾಳ ಹತ್ತಿರ ಹೋಗಿ ತಪ್ಪಾಯಿತು ಎಂದೂ ಯಾರೂ ಅನ್ನಲಿಲ್ಲ. ಆದರೆ ಅವಳ ಮೊಟ್ಟೆಗೆ ಮಾತ್ರ ಅದೇ ದಿನ ಜನ ಹೋದರು. ಕೋಳಿಯ ಮೇಲಿದ್ದ ಅಸಹ್ಯವೆಲ್ಲ ಎದ್ದು ಬಂದು ನಮ್ಮ ಮನೆ ಸೇರಿತು. ಕುದೂರಿನವರಿಗೆ ಯಾರು ಹೇಳಿದರೋ, ಅವರು ಮತ್ತೆ ಬರಲಿಲ್ಲ. ಭಾವ ಹೆಂಡತಿಯ ಜೊತೆ ಮಾತು ಬಿಟ್ಟರು. ಜಯ ಅಮ್ಮನಿಗೆ ತಟ್ಟೆ ಇಡುವಾಗಲೂ ಬೇರೆ ಕಡೆ ನೋಡುತ್ತಿದ್ದಳು. ಪೈಪನ್ನು ಕೀಳಿಸಲು ಆಳು ಸಿಗುವುದಕ್ಕೇ ಒಂದು ವಾರ ಹಿಡಿಯಿತು.

ಅದೇ ಭಾನುವಾರ ಸಂಜೆ ಮುನವ್ವರಾ ಬಂದಳು. ತಮ್ಮನನ್ನು ಬಂದ ಬಸ್ಸಿನಲ್ಲೇ ವಾಪಸು ಕಳಿಸಿದ್ದಳು. ಅಕ್ಕ ಅವಳನ್ನು ಕಂಡದ್ದೇ ಸಡಗರದಿಂದ ಎದ್ದಳು. ಬೆಳಗ್ಗೆಯಿಂದ ಮನೆಗೆ ಬಂದವರೆಂದರೆ ಅವಳೊಬ್ಬಳೇ. ಒಲೆ ಹೊತ್ತಿಸಿ, ಕಾಫಿ ಮಾಡಿ, ದೊಡ್ಡ ಲೋಟದ ತುಂಬ ತಂದು ಮುಂದಿಟ್ಟಳು.

ಮುನವ್ವರಾ ಲೋಟವನ್ನು ನೋಡಿದಳು. ಅಡುಗೆಮನೆಯ ಬಾಗಿಲಿನಾಚೆ ಕಾಣುತ್ತಿದ್ದ ನೀಲಿ ಉರಿಯನ್ನು ನೋಡಿದಳು. ಲೋಟವನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದಳು.

“ಬ್ಯಾಡ ಕಣಕ್ಕ. ನನ್ನಿಂದ ಆಗಾಕಿಲ್ಲ.”

ಅಕ್ಕ ಲೋಟದ ಅಂಚಿಗೆ ತುಳುಕಿದ್ದನ್ನು ಸೆರಗಿನಿಂದ ಒರೆಸಿದಳು.

“ನಂಗೋಸ್ಕರ ಬೀದಿಯೋರ ಮುಂದೆ ನಿಂತ್ಕೊಂಡು ಹೇಳ್ದೆ. ಅದನ್ನ ಸಾಯೋಗಂಟ ಮರೆಯಾಕಿಲ್ಲ,” ಎಂದಳು ಮುನವ್ವರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. “ಆದ್ರೆ ವರ್ಷದಿಂದ ಇದೇ ಉರಿಯಲ್ಲಿ ಮಾಡಿದ್ದನ್ನ ನಂಗೂ ಕೊಡ್ತಾ ಇದ್ದೆ ನೀನು. ಪಕ್ಕದಲ್ಲೇ ಕೂತಿರ್ತಿದ್ದೆ. ನಂಗೊಬ್ಳಿಗಾದ್ರೂ ಹೇಳ್ಬೋದಾಗಿತ್ತು.”

ಕೋಳಿ ಗೂಡಿಗೆ ಸೇರುವ ಹೊತ್ತಾಯಿತು ಎಂದು ಅವಳು ಎದ್ದು ಹೋದಳು. ಬೀದಿಯೆಲ್ಲ ಕೈ ಬಿಟ್ಟಾಗ ಅಕ್ಕ ಅತ್ತಿರಲಿಲ್ಲ, ಭಾವ ಮಾತು ಬಿಟ್ಟಾಗಲೂ ಅತ್ತಿರಲಿಲ್ಲ. ಈಗ ಆ ಲೋಟದ ಮುಂದೆ ಕೂತು ಅತ್ತಳು. ನಾನು ಲೋಟ ಎತ್ತಲು ಹೋದರೆ ಕೈ ಅಡ್ಡ ಹಿಡಿದಳು. ಕೆನೆ ಕಟ್ಟಿ ಪೂರ್ತಿ ತಣ್ಣಗಾದ ಮೇಲೆ ತಾನೇ ಎತ್ತಿಕೊಂಡು, ಮುಖ ಸಿಂಡರಿಸದೆ, ಒಂದು ಗುಟುಕೂ ಬಿಡದೆ ಕುಡಿದಳು.